‘ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿತ್ತು ಸರ್!’

ಮೂರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಡೆಮೋ. ನಮ್ಮದು ಇಬ್ಬರ ಟೀಮ್. ಹಾಸ್ಟೆಲ್ ಮೆಸ್ಸಿನ ತಿಂಗಳ ಲೆಕ್ಕ ಹಾಕುವ ಪೈಥಾನ್ ಪ್ರೋಗ್ರಾಮ್ ಬರೆದಿದ್ವಿ. ಯಾರು ಎಷ್ಟು ಊಟ ಮಾಡಿದ್ದಾರೆ ಅನ್ನೋ ಪಟ್ಟಿಯನ್ನ ಓದಿ, ಪ್ರತಿಯೊಬ್ಬರ ಬಿಲ್ ಲೆಕ್ಕ ಹಾಕಿ, ಅದನ್ನ ಇನ್ನೊಂದು ಫೈಲಿಗೆ ಬರೆಯೋದು ನನ್ನ ಭಾಗ. ಆ ಬಿಲ್ ಫೈಲನ್ನ ಓದಿ ಗ್ರಾಫ್ ತೋರಿಸೋದು ನನ್ನ ಟೀಮ್‌ಮೇಟ್ ಭಾಗ. ಅವನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಗ್ರಾಫನ್ನ ಇಂಗ್ಲಿಷಿನಲ್ಲಿ ವಿವರಿಸಬೇಕಲ್ಲ ಅಂತ ಎರಡು ರಾತ್ರಿ ಕೂತು ಪ್ರಾಕ್ಟೀಸ್ ಮಾಡಿದ್ದ.

ನಮಗೆ ಕೊಟ್ಟಿದ್ದು ಹತ್ತು ನಿಮಿಷ. ನನ್ನ ಲ್ಯಾಪ್‌ಟಾಪ್ ವಿಂಡೋಸ್, ಲ್ಯಾಬ್ ಮಷೀನ್ ಉಬುಂಟು. ಪೆನ್‌ಡ್ರೈವಿನಿಂದ ಕಾಪಿ ಮಾಡಿ ರನ್ ಕೊಟ್ಟೆ. ‘ಅಂಥ ಫೈಲ್ ಇಲ್ಲ’ ಅಂತ ಎರರ್. ಸ್ಲ್ಯಾಶ್ ತಿದ್ದಿದೆ. ಮತ್ತೆ ಅದೇ ಎರರ್. ಟರ್ಮಿನಲ್ ಬೇರೆ ಫೋಲ್ಡರಿನಲ್ಲಿದೆ ಅಂತ ಗೊತ್ತಾಗಿ ಸರಿಯಾದ ಕಡೆಗೆ ಹೋದೆ. ಮತ್ತೆ ಅದೇ. ಫೈಲ್ ಹೆಸರಿನ ಮೊದಲ ಅಕ್ಷರ ಕ್ಯಾಪಿಟಲ್ ಆಗಿದ್ದನ್ನ ಟೀಮ್‌ಮೇಟ್ ತೋರಿಸಿದ. ಅದನ್ನೂ ತಿದ್ದಿದೆ. ಕೊನೆಗೂ ‘ಬಿಲ್ ರೆಡಿ’ ಅಂತ ಸ್ಕ್ರೀನ್ ಮೇಲೆ ಬಂತು. ಬಿಲ್ಸ್ ಫೋಲ್ಡರ್ ತೆಗೆದು ನೋಡಿದರೆ ಖಾಲಿ! ಅವನ ಗ್ರಾಫ್ ಕೋಡಿಗೆ ಓದೋಕೆ ಫೈಲೇ ಇಲ್ಲ. ಅಷ್ಟರಲ್ಲಿ ಹತ್ತು ನಿಮಿಷ ಮುಗೀತು. ‘ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿತ್ತು ಸರ್’ ಅಂದೆ. ‘ಮುಂದಿನ ವಾರ ಓಡಿಸ್ಕೊಂಡು ಬನ್ನಿ’ ಅಂದರು. ನನ್ನ ಟೀಮ್‌ಮೇಟ್ ಒಂದು ಮಾತೂ ಆಡೋಕೆ ಆಗಲಿಲ್ಲ. ಅವನ ಕೋಡಿನಲ್ಲಿ ಒಂದು ತಪ್ಪೂ ಇರಲಿಲ್ಲ. ತಪ್ಪು ನಾಲ್ಕೂ ನನ್ನವು.

ಆ ನಾಲ್ಕು ತಪ್ಪುಗಳನ್ನೇ ಪಾಠ ಮಾಡಿ ಇಲ್ಲಿ ಬರೀತಿದ್ದೀನಿ. ಕೋಡ್ ಸಾಲುಗಳನ್ನ ಬಾಯಲ್ಲಿ ಓದೋ ಹಾಗೆ ಬರೆದಿದ್ದೀನಿ, ಟೈಪ್ ಮಾಡುವಾಗ ಪೈಥಾನಿನ ಪದಗಳನ್ನ ಎಂದಿನಂತೆ ಹಾಕ್ಕೊಳ್ಳಿ.

ಪಾಥ್ ಅಂದ್ರೆ ವಿಳಾಸ

ಫೈಲ್ ಎಲ್ಲಿದೆ ಅಂತ ಹೇಳೋಕೆ ಎರಡು ದಾರಿ. ಒಂದು ಪೂರ್ತಿ ವಿಳಾಸ, ಅಂದ್ರೆ ಅಬ್ಸಲ್ಯೂಟ್ ಪಾಥ್. ವಿಂಡೋಸಿನಲ್ಲಿ ಅದು ಡ್ರೈವಿನಿಂದ ಶುರುವಾಗುತ್ತೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಲ್ಲಕ್ಕೂ ಮೇಲಿರುವ ರೂಟ್‌ನಿಂದ, ಅಂದ್ರೆ ಒಂದು ಸ್ಲ್ಯಾಶ್‌ನಿಂದ ಶುರುವಾಗುತ್ತೆ. ಇನ್ನೊಂದು ಸಾಪೇಕ್ಷ ವಿಳಾಸ, ಅಂದ್ರೆ ರಿಲೇಟಿವ್ ಪಾಥ್. ಅದು ‘ಈಗ ನಾನಿರುವ ಜಾಗದಿಂದ’ ಲೆಕ್ಕ ಹಾಕುವಂಥದ್ದು.

ಬೆಂಗಳೂರಿನಲ್ಲಿ ‘4ನೇ ಮೇನ್, 6ನೇ ಕ್ರಾಸ್’ ಅಂತ ಮಾತ್ರ ಹೇಳಿದರೆ ಸಾಕಾ? ಜಯನಗರದಲ್ಲಿ ನಿಂತವರಿಗೆ ಅದು ಒಂದು ಮನೆ, ಮಲ್ಲೇಶ್ವರದಲ್ಲಿ ನಿಂತವರಿಗೆ ಇನ್ನೊಂದು ಮನೆ. ವಿಳಾಸ ತಪ್ಪಲ್ಲ, ನಿಂತ ಜಾಗ ಬೇರೆ. ರಿಲೇಟಿವ್ ಪಾಥ್ ಕೂಡ ಹಾಗೇ.

ಹಾಗಾದ್ರೆ ಯಾವಾಗಲೂ ಪೂರ್ತಿ ವಿಳಾಸವನ್ನೇ ಬರೆದರೆ ಆಯ್ತಲ್ಲ? ಆಗಲ್ಲ. ನನ್ನ ಮಷೀನಿನ ಪೂರ್ತಿ ವಿಳಾಸದಲ್ಲಿ ನನ್ನ ಯೂಸರ್ ಹೆಸರು ಇರುತ್ತೆ. ನಿಮ್ಮ ಮಷೀನಿನಲ್ಲಿ ಆ ಹೆಸರಿನ ಫೋಲ್ಡರ್ ಇರೋದಿಲ್ಲ. ಲಿನಕ್ಸಿನಲ್ಲಿ ‘ಸಿ ಡ್ರೈವ್’ ಅನ್ನೋದೇ ಇಲ್ಲ. ಆದ್ದರಿಂದ ಪ್ರಾಜೆಕ್ಟ್ ಒಳಗಿನ ಫೈಲುಗಳಿಗೆ ಸಾಪೇಕ್ಷ ವಿಳಾಸವೇ ಬೇಕು. ಯಾವುದಕ್ಕೆ ಸಾಪೇಕ್ಷ ಅನ್ನೋದನ್ನ ಮಾತ್ರ ನಾವೇ ಗಟ್ಟಿಯಾಗಿ ಹೇಳ್ಬೇಕು.

ಸಾಪೇಕ್ಷ ವಿಳಾಸದಲ್ಲಿ ಎರಡು ವಿಶೇಷ ಗುರುತುಗಳಿವೆ. ಒಂದು ಚುಕ್ಕಿ ಅಂದ್ರೆ ಇದೇ ಫೋಲ್ಡರ್. ಎರಡು ಚುಕ್ಕಿ ಅಂದ್ರೆ ಒಂದು ಮೆಟ್ಟಿಲು ಮೇಲೆ. ಇವು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಒಂದೇ ಅರ್ಥ ಕೊಡ್ತವೆ. ಸಮಾಧಾನದ ವಿಷಯ ಅಂದ್ರೆ ಇದೊಂದೇ.

ಒಂದನೇ ತಪ್ಪು: ಸ್ಲ್ಯಾಶ್

ನನ್ನ ಕೋಡಿನಲ್ಲಿ ಹೀಗಿತ್ತು:

ಓಪನ್("ಡೇಟಾ\ಮೆಸ್.ಸಿಎಸ್‌ವಿ")

ಇದು ವಿಂಡೋಸಿನ ಅಭ್ಯಾಸ. ಫೋಲ್ಡರುಗಳ ನಡುವೆ ಹಿಂದಕ್ಕೆ ವಾಲಿದ ಗೆರೆ, ಬ್ಯಾಕ್‌ಸ್ಲ್ಯಾಶ್. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಮುಂದಕ್ಕೆ ವಾಲಿದ ಗೆರೆ, ಸ್ಲ್ಯಾಶ್. ಈ ಜಗಳ ಯಾಕೆ ಬಂತು ಅಂತ ಹುಡುಕಿದರೆ ಸಣ್ಣ ಇತಿಹಾಸ ಸಿಗುತ್ತೆ.

ಬೆಲ್ ಲ್ಯಾಬ್ಸಿನಲ್ಲಿ ಹುಟ್ಟಿದ ಯೂನಿಕ್ಸ್ 1970ರ ದಶಕದ ಶುರುವಿನಿಂದಲೂ ಫೋಲ್ಡರ್ ಬೇರ್ಪಡಿಸೋಕೆ ಸ್ಲ್ಯಾಶ್ ಬಳಸಿತು. ಲಿನಕ್ಸ್ ಅದೇ ಪದ್ಧತಿಯನ್ನ ತಗೊಂಡಿತು. ಆ ಕಡೆ 1981ರಲ್ಲಿ ಬಂದ ಎಂಎಸ್-ಡಾಸ್ ಮೊದಲ ಆವೃತ್ತಿಯಲ್ಲಿ ಫೋಲ್ಡರ್ ಅನ್ನೋದೇ ಇರಲಿಲ್ಲ, ಡಿಸ್ಕಿನ ಎಲ್ಲಾ ಫೈಲುಗಳೂ ಒಂದೇ ಪಟ್ಟಿಯಲ್ಲಿ ಇರ್ತಿದ್ವು. ಅದರ ಕಮಾಂಡುಗಳು ಸ್ಲ್ಯಾಶನ್ನ ಬೇರೆ ಕೆಲಸಕ್ಕೆ, ಅಂದ್ರೆ ಆಯ್ಕೆಗಳನ್ನ ಸೂಚಿಸೋಕೆ ಬಳಸ್ತಿದ್ವು. 1983ರ ಎರಡನೇ ಆವೃತ್ತಿಗೆ ಫೋಲ್ಡರ್ ಬಂದಾಗ ಸ್ಲ್ಯಾಶ್ ಆಗಲೇ ಬುಕ್ ಆಗಿಬಿಟ್ಟಿತ್ತು. ಅದಕ್ಕೆ ಬ್ಯಾಕ್‌ಸ್ಲ್ಯಾಶ್ ಆರಿಸಿಕೊಂಡರು. ವಿಂಡೋಸ್ ಅದನ್ನೇ ಮುಂದುವರಿಸಿತು. ಹಳೆಯ ಮ್ಯಾಕಿಂತೋಷ್ ಇವೆರಡನ್ನೂ ಬಿಟ್ಟು ಕೋಲನ್ ಬಳಸ್ತಿತ್ತು. 2001ರಲ್ಲಿ ಯೂನಿಕ್ಸ್ ತಳಹದಿಯ ಮ್ಯಾಕ್ ಓಎಸ್ ಟೆನ್ ಬಂದಮೇಲೆ ಪ್ರೋಗ್ರಾಮರುಗಳ ಮಟ್ಟಿಗೆ ಅದೂ ಸ್ಲ್ಯಾಶ್ ಕಡೆ ಬಂತು.

ನಮಗೆ ಉಪಯೋಗಕ್ಕೆ ಬರೋ ವಿಷಯ ಇದು: ವಿಂಡೋಸಿನ ಫೈಲ್ ತೆರೆಯುವ ಬಹುಪಾಲು ಫಂಕ್ಷನ್‌ಗಳು ಸ್ಲ್ಯಾಶನ್ನೂ ಒಪ್ಪಿಕೊಳ್ತವೆ. ಅಂದ್ರೆ "ಡೇಟಾ/ಮೆಸ್.ಸಿಎಸ್‌ವಿ" ಅಂತ ಬರೆದಿದ್ದರೆ ಮೂರೂ ಕಡೆ ಓಡ್ತಿತ್ತು. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಮಾತ್ರ ಹುಷಾರು, ಅಲ್ಲಿನ ಹಳೆಯ ಕಮಾಂಡುಗಳು ಸ್ಲ್ಯಾಶ್ ಕಂಡರೆ ಈಗಲೂ ಆಯ್ಕೆ ಅಂತಲೇ ತಿಳ್ಕೊಳ್ತವೆ.

ಬ್ಯಾಕ್‌ಸ್ಲ್ಯಾಶಿಗೆ ಇನ್ನೊಂದು ಉಪದ್ರವ ಇದೆ. ಪೈಥಾನ್, ಸಿ, ಜಾವಾ ಎಲ್ಲದರಲ್ಲೂ ಕೋಟ್ ಒಳಗಿನ ಬ್ಯಾಕ್‌ಸ್ಲ್ಯಾಶ್ ಒಂದು ಸನ್ನೆ. ಮುಂದಿನ ಅಕ್ಷರ ಎನ್ ಆದರೆ ಹೊಸ ಸಾಲು, ಟಿ ಆದರೆ ಟ್ಯಾಬ್. ನಿಮ್ಮ ಫೈಲ್ ಹೆಸರು ಇಂಗ್ಲಿಷಿನ ‘ಟೆಸ್ಟ್’ ಅಂತಿದ್ದು, ಅದರ ಹಿಂದೆ ಒಂದೇ ಬ್ಯಾಕ್‌ಸ್ಲ್ಯಾಶ್ ಹಾಕಿದ್ದರೆ ಪೈಥಾನ್ ಓದೋದು ‘ಟ್ಯಾಬ್, ಆಮೇಲೆ ಎಸ್ಟ್’. ಅಂಥ ಫೈಲ್ ವಿಂಡೋಸಿನಲ್ಲೂ ಸಿಗಲ್ಲ. ‘ಸಿ:\ಯೂಸರ್ಸ್’ ಅಂತ ಶುರುವಾಗೋ ಪಾಥ್ ಹಾಕಿದಾಗ ಬರೋ ಯೂನಿಕೋಡ್ ಎರರ್ ನೋಡಿ ಎಷ್ಟೋ ಜನ ಕಂಗಾಲಾಗಿರ್ತೀರಿ. ಅಲ್ಲಿ ಬ್ಯಾಕ್‌ಸ್ಲ್ಯಾಶ್ ಆದಮೇಲೆ ಕ್ಯಾಪಿಟಲ್ ಯು ಬಂದಿದ್ದಕ್ಕೆ ಪೈಥಾನ್ ‘ಎಂಟು ಅಂಕಿಯ ಯೂನಿಕೋಡ್ ಸಂಕೇತ ಬರುತ್ತೆ’ ಅಂತ ಕಾಯುತ್ತೆ, ಬರದಿದ್ದಾಗ ಎರರ್ ಕೊಡುತ್ತೆ.

ನನ್ನ ಪಾಥ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಮುಂದೆ ಇದ್ದದ್ದು ಎಂ. ಅದಕ್ಕೆ ವಿಶೇಷ ಅರ್ಥ ಇಲ್ಲದ್ದರಿಂದ ಪೈಥಾನ್ ಹಾಗೇ ಬಿಟ್ಟಿತ್ತು. ಅಂದ್ರೆ ನನ್ನ ಲ್ಯಾಪ್‌ಟಾಪಲ್ಲಿ ಕೋಡ್ ಓಡ್ತಿದ್ದದ್ದು ಅದೃಷ್ಟದಿಂದ. ಪೈಥಾನ್ 3.12ರಿಂದ ಇಂಥ ಕಡೆ ಎದ್ದು ಕಾಣುವ ಎಚ್ಚರಿಕೆ ಬರುತ್ತೆ. ಬಂದರೆ ಮುಚ್ಚಿಹಾಕ್ಬೇಡಿ, ಓದಿ.

ಎರಡನೇ ತಪ್ಪು: ನಿಂತ ಜಾಗ

ಸ್ಲ್ಯಾಶ್ ತಿದ್ದಿದ ಮೇಲೂ ಫೈಲ್ ಸಿಗಲಿಲ್ಲ. ಯಾಕಂದ್ರೆ ಬಹಳ ಜನ, ನಾನೂ ಸೇರಿ, ರಿಲೇಟಿವ್ ಪಾಥ್ ಅಂದ್ರೆ ‘ಕೋಡ್ ಫೈಲ್ ಇರುವ ಫೋಲ್ಡರಿನಿಂದ’ ಅಂತ ಅಂದ್ಕೊಂಡಿರ್ತೀವಿ. ಅದು ಹಾಗಲ್ಲ. ಪ್ರೋಗ್ರಾಮ್ ಓಡುವಾಗ ಆಪರೇಟಿಂಗ್ ಸಿಸ್ಟಮ್ ಅದಕ್ಕೊಂದು ‘ಕರೆಂಟ್ ವರ್ಕಿಂಗ್ ಡೈರೆಕ್ಟರಿ’ ಇಟ್ಟಿರುತ್ತೆ. ರಿಲೇಟಿವ್ ಪಾಥ್ ಲೆಕ್ಕ ಹಾಕೋದು ಅಲ್ಲಿಂದ. ಟರ್ಮಿನಲ್ಲಿನಲ್ಲಿ ನೀವು ಯಾವ ಫೋಲ್ಡರಿನಲ್ಲಿ ನಿಂತು ರನ್ ಕೊಟ್ರೋ ಅದೇ ಆ ಜಾಗ. ಕೋಡ್ ಫೈಲ್ ಎಲ್ಲಿ ಬೇಕಾದರೂ ಇರಬಹುದು.

ಲ್ಯಾಬ್ ಮಷೀನಿನಲ್ಲಿ ಟರ್ಮಿನಲ್ ತೆರೆದಾಗ ನಾನು ನಿಂತಿದ್ದು ಹೋಮ್ ಫೋಲ್ಡರಿನಲ್ಲಿ. ಪ್ರಾಜೆಕ್ಟ್ ಇದ್ದದ್ದು ಡೆಸ್ಕ್‌ಟಾಪಿನ ಒಳಗೆ. ಪ್ರೋಗ್ರಾಮ್ ಹೋಮ್ ಫೋಲ್ಡರಿನಲ್ಲಿ ‘ಡೇಟಾ’ ಹುಡುಕ್ತಿತ್ತು. ಮನೆಯಲ್ಲಿ ಈ ತೊಂದರೆ ಯಾಕೆ ಕಾಣಿಸಲಿಲ್ಲ? ವಿಎಸ್ ಕೋಡಿನಲ್ಲಿ ನಾನು ಯಾವಾಗಲೂ ಪ್ರಾಜೆಕ್ಟ್ ಫೋಲ್ಡರನ್ನೇ ತೆರೀತಿದ್ದೆ, ಅದರ ಟರ್ಮಿನಲ್ ಕೂಡ ಅಲ್ಲೇ ಶುರುವಾಗ್ತಿತ್ತು. ಒಂದು ಮೆಟ್ಟಿಲು ಮೇಲಿನ ಫೋಲ್ಡರ್ ತೆರೆದಿದ್ದರೆ ನನ್ನ ಲ್ಯಾಪ್‌ಟಾಪಲ್ಲೂ ಅವತ್ತೇ ಕೆಡ್ತಿತ್ತು. ಈ ತಪ್ಪಿಗೆ ವಿಂಡೋಸ್, ಲಿನಕ್ಸ್ ಅನ್ನೋ ಭೇದ ಇಲ್ಲ.

ಪೈಥಾನಿನಲ್ಲಿ ಇದಕ್ಕೆ ಮದ್ದು ಇದೆ. ಪಾಥ್‌ಲಿಬ್ ಅನ್ನೋ ಮಾಡ್ಯೂಲ್ 2014ರಲ್ಲಿ, ಪೈಥಾನ್ 3.4ರ ಜೊತೆ ಬಂತು. ಹೀಗೆ ಬರೀಬೇಕು:

ಫ್ರಮ್ ಪಾಥ್‌ಲಿಬ್ ಇಂಪೋರ್ಟ್ ಪಾಥ್
ಬೇಸ್ = ಪಾಥ್(__ಫೈಲ್__).ರಿಸಾಲ್ವ್().ಪೇರೆಂಟ್
ಮೆಸ್ = ಬೇಸ್ / "ಡೇಟಾ" / "ಮೆಸ್.ಸಿಎಸ್‌ವಿ"

ಎರಡನೇ ಸಾಲನ್ನ ಬಿಡಿಸಿ ನೋಡೋಣ. ಎರಡೆರಡು ಅಂಡರ್‌ಸ್ಕೋರ್ ನಡುವಿನ ‘ಫೈಲ್’ ಅಂದ್ರೆ ಈಗ ಓಡ್ತಿರೋ ಕೋಡ್ ಫೈಲಿನ ಸ್ವಂತ ವಿಳಾಸ. ‘ರಿಸಾಲ್ವ್’ ಅದನ್ನ ಪೂರ್ತಿ ವಿಳಾಸವಾಗಿ ಮಾಡುತ್ತೆ, ನಡುವೆ ಎರಡು ಚುಕ್ಕಿಗಳಿದ್ದರೆ ಅವನ್ನೂ ಬಿಡಿಸುತ್ತೆ. ‘ಪೇರೆಂಟ್’ ಅಂದ್ರೆ ಅದು ಇರುವ ಫೋಲ್ಡರ್. ಹಾಗಾಗಿ ‘ಬೇಸ್’ ಅಂದ್ರೆ ನನ್ನ ಕೋಡ್ ಇರುವ ಜಾಗ, ಯಾರು ಎಲ್ಲಿ ನಿಂತು ರನ್ ಕೊಟ್ಟರೂ ಸರಿ. ವಿಳಾಸದ ಮುಂದೆ ‘ಜಯನಗರ’ ಅಂತ ಸೇರಿಸಿದ ಹಾಗೆ.

ಮೂರನೇ ಸಾಲಿನ ಸ್ಲ್ಯಾಶ್ ಕೋಟ್ ಒಳಗಿಲ್ಲ, ಹೊರಗಿದೆ ನೋಡಿ. ಅದು ಭಾಗಾಕಾರದ ಗುರುತು, ಪಾಥ್‌ಲಿಬ್ ಅದನ್ನ ‘ಜೋಡಿಸು’ ಅಂತ ಅರ್ಥ ಮಾಡ್ಕೊಳ್ಳುತ್ತೆ. ವಿಂಡೋಸಿನಲ್ಲಿ ಓಡಿದರೆ ಬ್ಯಾಕ್‌ಸ್ಲ್ಯಾಶ್, ಲಿನಕ್ಸಿನಲ್ಲಿ ಸ್ಲ್ಯಾಶ್, ತಾನೇ ಹಾಕ್ಕೊಳ್ಳುತ್ತೆ. ಹಳೆಯ ಕೋಡಿನಲ್ಲಿ ಇದೇ ಕೆಲಸಕ್ಕೆ ‘ಓಎಸ್.ಪಾಥ್.ಜಾಯಿನ್’ ಇರುತ್ತೆ, ಅದೂ ಸರಿಯೇ. ನನ್ನ ಟೀಮ್‌ಮೇಟ್ ಬಳಸಿದ್ದು ಅದನ್ನೇ.

ಇಲ್ಲಿ ಎರಡು ಎಚ್ಚರಿಕೆ. ಜೋಡಿಸುವ ಎರಡನೇ ಭಾಗ ಸ್ಲ್ಯಾಶಿನಿಂದ ಶುರುವಾದರೆ ಅದನ್ನ ರೂಟ್‌ನಿಂದ ಬಂದ ವಿಳಾಸ ಅಂತ ತಿಳ್ಕೊಂಡು ಮೊದಲ ಭಾಗವನ್ನ ಎಸೆದುಬಿಡುತ್ತೆ. ಲಿನಕ್ಸಿನಲ್ಲಿ ಬೇಸ್ / "/ಡೇಟಾ" ಅಂದ್ರೆ ಉಳಿಯೋದು "/ಡೇಟಾ" ಮಾತ್ರ. ಎರಡನೆಯದು, ಜುಪಿಟರ್ ನೋಟ್‌ಬುಕ್ಕಿನಲ್ಲಿ ಆ ಅಂಡರ್‌ಸ್ಕೋರ್ ‘ಫೈಲ್’ ಇರೋದಿಲ್ಲ. ಅಲ್ಲಿ ‘ಪಾಥ್.ಸಿಡಬ್ಲ್ಯುಡಿ()’ ಬಳಸಿ, ಅದು ಏನು ಕೊಡ್ತಿದೆ ಅಂತ ಮೊದಲ ಸೆಲ್ಲಿನಲ್ಲೇ ಪ್ರಿಂಟ್ ಮಾಡಿ ನೋಡ್ಕೊಳ್ಳಿ.

ಮೂರನೇ ತಪ್ಪು: ದೊಡ್ಡ ಅಕ್ಷರ, ಚಿಕ್ಕ ಅಕ್ಷರ

ಫೈಲಿನ ಹೆಸರು ‘ಮೆಸ್’, ಮೊದಲ ಅಕ್ಷರ ಕ್ಯಾಪಿಟಲ್ ಎಂ. ಕೋಡಿನಲ್ಲಿ ನಾನು ಬರೆದದ್ದು ಸ್ಮಾಲ್ ಎಂ. ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಅಂತ ನೋಡುತ್ತೆ. ನೀವು ಬರೆದ ರೂಪವನ್ನ ಹಾಗೇ ಇಟ್ಕೊಳ್ಳುತ್ತೆ, ಆದರೆ ಹುಡುಕುವಾಗ ಭೇದ ಮಾಡಲ್ಲ. ಮ್ಯಾಕ್ ಕೂಡ ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಹಾಗೇ. ಲಿನಕ್ಸಿಗೆ ಮಾತ್ರ ಅವು ಎರಡು ಬೇರೆ ಬೇರೆ ಫೈಲುಗಳು, ಒಂದೇ ಫೋಲ್ಡರಿನಲ್ಲಿ ಎರಡೂ ಜೊತೆಗೆ ಇರಬಹುದು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಗೊಡವೆಯೇ ಇಲ್ಲ, ಇಂಗ್ಲಿಷ್ ಹೆಸರಿಟ್ಟಾಗ ಮಾತ್ರ ಈ ಕಷ್ಟ.

ಈ ತಪ್ಪು ಗಿಟ್‌ನಲ್ಲೂ ಕಾಡುತ್ತೆ. ವಿಂಡೋಸಿನಲ್ಲಿ ಕ್ಯಾಪಿಟಲ್ಲನ್ನ ಸ್ಮಾಲ್ ಮಾಡಿ ರೀನೇಮ್ ಮಾಡಿದರೆ ಗಿಟ್ ಅದನ್ನ ಬದಲಾವಣೆ ಅಂತಲೇ ಗುರುತಿಸದೇ ಇರಬಹುದು. ಹೆಸರು ಬದಲಿಸುವಾಗ ‘ಗಿಟ್ ಎಂವಿ’ ಕಮಾಂಡ್ ಬಳಸಿ. ಇದಕ್ಕಿಂತ ಸುಲಭದ ನಿಯಮ ಅಂದ್ರೆ ಪ್ರಾಜೆಕ್ಟಿನ ಎಲ್ಲಾ ಫೈಲ್, ಫೋಲ್ಡರ್ ಹೆಸರೂ ಸ್ಮಾಲ್ ಅಕ್ಷರದಲ್ಲೇ ಇರಲಿ. ನಡುವೆ ಸ್ಪೇಸ್ ಬದಲು ಅಂಡರ್‌ಸ್ಕೋರ್ ಹಾಕಿ. ಟೀಮಿನವರೆಲ್ಲ ಮೊದಲ ದಿನವೇ ಇದನ್ನ ಮಾತಾಡ್ಕೊಂಡುಬಿಡಿ.

ನಾಲ್ಕನೇ ತಪ್ಪು: ಸದ್ದಿಲ್ಲದೆ ಕೆಟ್ಟದ್ದು

ಈಗ ಆ ಖಾಲಿ ಫೋಲ್ಡರ್. ಓದುವ ಸಾಲಿನ ಸ್ಲ್ಯಾಶ್ ತಿದ್ದಿದ್ದೆ, ಬರೆಯುವ ಸಾಲಿನದ್ದು ಮರೆತಿದ್ದೆ. ಅಲ್ಲಿ ಇನ್ನೂ "ಬಿಲ್ಸ್\ಸೆಪ್ಟೆಂಬರ್.ಸಿಎಸ್‌ವಿ" ಅಂತಲೇ ಇತ್ತು. ಆದರೆ ಎರರ್ ಬರಲಿಲ್ಲ. ಯಾಕೆ?

ಲಿನಕ್ಸಿನಲ್ಲಿ ಫೈಲ್ ಹೆಸರಿನೊಳಗೆ ಬರಬಾರದ್ದು ಎರಡೇ: ಸ್ಲ್ಯಾಶ್ ಮತ್ತು ನಲ್ ಬೈಟ್. ಉಳಿದದ್ದೆಲ್ಲ ಬರಬಹುದು. ಬ್ಯಾಕ್‌ಸ್ಲ್ಯಾಶ್ ಅದಕ್ಕೆ ‘ಅ’ ಇದ್ದ ಹಾಗೆ ಇನ್ನೊಂದು ಅಕ್ಷರ, ಅಷ್ಟೇ. ಓದುವಾಗ ಆ ವಿಚಿತ್ರ ಹೆಸರಿನ ಫೈಲ್ ಇಲ್ಲದ್ದರಿಂದ ಎರರ್ ಬಂತು. ಬರೆಯುವಾಗ ‘ಇಲ್ಲವಾ? ಸರಿ, ಹೊಸದು ಮಾಡ್ತೀನಿ’ ಅಂತ ಮಾಡಿತು. ಡೆಮೋ ಮುಗಿದಮೇಲೆ ನೋಡಿದರೆ ಪ್ರಾಜೆಕ್ಟ್ ಫೋಲ್ಡರಿನಲ್ಲೇ, ಕೋಡಿನ ಪಕ್ಕದಲ್ಲೇ ಆ ಫೈಲ್ ಕೂತಿತ್ತು. ಅದರ ಪೂರ್ತಿ ಹೆಸರು ‘ಬಿಲ್ಸ್, ಬ್ಯಾಕ್‌ಸ್ಲ್ಯಾಶ್, ಸೆಪ್ಟೆಂಬರ್’. ಫೋಲ್ಡರಿನ ಒಳಗಲ್ಲ, ಆ ಹೆಸರಿನಲ್ಲೇ. ಲೆಕ್ಕ ಎಲ್ಲ ಸರಿಯಾಗಿತ್ತು, ಎಲ್ಲರ ಬಿಲ್ಲೂ ಇತ್ತು. ಟೀಮ್‌ಮೇಟ್ ಕೋಡ್ ನಿಜವಾದ ಬಿಲ್ಸ್ ಫೋಲ್ಡರಿನೊಳಗೆ ಹುಡುಕ್ತಿತ್ತು.

ನಾಲ್ಕರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇದು. ಎರರ್ ಬಂದರೆ ತಿದ್ದಬಹುದು. ಎರರೇ ಬರದೆ ‘ರೆಡಿ’ ಅಂತ ಹೇಳಿ ಬೇರೆ ಕಡೆ ಬರೆದರೆ? ನಾಳೆ ನಮ್ಮಲ್ಲೇ ಯಾರಾದರೂ ಆಸ್ಪತ್ರೆಗೋ ಬ್ಯಾಂಕಿಗೋ ಕೋಡ್ ಬರೀತೀವಿ. ಬ್ಯಾಕಪ್ ಆಗಿದೆ ಅಂತ ಎಲ್ಲರೂ ನಂಬಿರ್ತಾರೆ, ಬೇಕಾದ ದಿನ ಫೋಲ್ಡರ್ ಖಾಲಿ ಇರುತ್ತೆ.

ಬರೆಯುವಾಗ ನಾನೀಗ ಮಾಡೋದು ಹೀಗೆ:

ಹೊರಗೆ = ಬೇಸ್ / "ಬಿಲ್ಸ್"
ಹೊರಗೆ.ಎಂಕೆಡಿಐಆರ್(ಪೇರೆಂಟ್ಸ್=ಟ್ರೂ, ಎಗ್ಸಿಸ್ಟ್_ಓಕೆ=ಟ್ರೂ)
ಬಿಲ್ = ಹೊರಗೆ / "ಸೆಪ್ಟೆಂಬರ್.ಸಿಎಸ್‌ವಿ"
ಪ್ರಿಂಟ್("ಬಿಲ್ ಇಲ್ಲಿದೆ:", ಬಿಲ್)

ಎರಡನೇ ಸಾಲು ಫೋಲ್ಡರ್ ಇಲ್ಲದಿದ್ದರೆ ಮಾಡುತ್ತೆ, ಇದ್ದರೆ ಸುಮ್ಮನಿರುತ್ತೆ. ಇದು ಬೇಕೇ ಬೇಕು, ಯಾಕಂದ್ರೆ ಫೈಲ್ ತೆರೆಯುವ ‘ಓಪನ್’ ಫೋಲ್ಡರ್ ಮಾಡಿಕೊಡಲ್ಲ. ಗಿಟ್ ಕೂಡ ಖಾಲಿ ಫೋಲ್ಡರನ್ನ ಇಟ್ಕೊಳ್ಳಲ್ಲ, ಗೆಳೆಯರು ಕ್ಲೋನ್ ಮಾಡಿದಾಗ ಬಿಲ್ಸ್ ಫೋಲ್ಡರೇ ಇರೋದಿಲ್ಲ. ಕೊನೆಯ ಸಾಲು ಫೈಲನ್ನ ಬರೆದು ಮುಗಿಸಿದ ಮೇಲೆ ಬರಲಿ. ಬರೀ ‘ರೆಡಿ’ ಅನ್ನೋದರ ಬದಲು ಪೂರ್ತಿ ವಿಳಾಸ ತೋರಿಸಿದರೆ ನಾನು ಅವತ್ತು ಮೋಸ ಹೋಗ್ತಿರಲಿಲ್ಲ.

ಬೇರೆ ಭಾಷೆಗಳಲ್ಲಿ

ಸಿ ಭಾಷೆಯ ‘ಎಫ್‌ಓಪನ್’ ಕೂಡ ನಿಂತ ಜಾಗದಿಂದಲೇ ಲೆಕ್ಕ ಹಾಕುತ್ತೆ, ಪಾಥ್‌ನಲ್ಲಿ ಸ್ಲ್ಯಾಶ್ ಬರೆದರೆ ವಿಂಡೋಸಿನಲ್ಲೂ ನಡೆಯುತ್ತೆ. ‘ಇನ್‌ಕ್ಲೂಡ್’ ಸಾಲಿನಲ್ಲೂ ಬ್ಯಾಕ್‌ಸ್ಲ್ಯಾಶ್ ಬೇಡ, ವಿಂಡೋಸ್ ಕಂಪೈಲರ್ ಒಪ್ಪಿದರೂ ಲಿನಕ್ಸಿನ ಜಿಸಿಸಿ ಹೆಡರ್ ಫೈಲ್ ಸಿಗಲಿಲ್ಲ ಅನ್ನುತ್ತೆ. ಸಿ++ನಲ್ಲಿ 2017ರ ಆವೃತ್ತಿಯಿಂದ ‘ಫೈಲ್‌ಸಿಸ್ಟಮ್’ ಲೈಬ್ರರಿ ಇದೆ, ಪಾಥ್‌ಲಿಬ್ ತರಹವೇ ಸ್ಲ್ಯಾಶಿನಿಂದ ಜೋಡಿಸಬಹುದು. ಜಾವಾ 7ರಿಂದ ‘ಪಾಥ್ಸ್.ಗೆಟ್’, 11ರಿಂದ ‘ಪಾಥ್.ಆಫ್’ ಇವೆ. ಜಾರ್ ಫೈಲಿನ ಒಳಗಿರುವ ಚಿತ್ರ, ಪಠ್ಯಗಳನ್ನ ‘ಗೆಟ್‌ರಿಸೋರ್ಸ್’ನಿಂದ ಕರೆಯುವಾಗ ಯಾವ ಸಿಸ್ಟಮ್ ಆದರೂ ಸ್ಲ್ಯಾಶೇ ಬೇಕು. ನೋಡ್ ಜೆಎಸ್‌ನಲ್ಲಿ ‘ಪಾಥ್.ಜಾಯಿನ್(__ಡಿರ್‌ನೇಮ್, "ಡೇಟಾ")’ ಅಂತ ಬರೆದರೆ ಕೋಡ್ ಇರುವ ಜಾಗದಿಂದ ಲೆಕ್ಕ ಆಗುತ್ತೆ.

ಪಾಥನ್ನ ಸೆಟ್ಟಿಂಗ್ಸ್ ಫೈಲಿನಲ್ಲೋ ಡೇಟಾಬೇಸಿನಲ್ಲೋ ಉಳಿಸುವಾಗ ಪ್ರಾಜೆಕ್ಟಿಗೆ ಸಾಪೇಕ್ಷವಾಗಿ, ಸ್ಲ್ಯಾಶ್ ರೂಪದಲ್ಲೇ ಉಳಿಸಿ. ಪಾಥ್‌ಲಿಬ್‌ನ ‘ಆ್ಯಸ್_ಪಾಸಿಕ್ಸ್()’ ಆ ರೂಪ ಕೊಡುತ್ತೆ. ಯಾರೋ ಕೊಟ್ಟ ಪಟ್ಟಿಯಲ್ಲಿ ವಿಂಡೋಸ್ ಪಾಥ್‌ಗಳೇ ತುಂಬಿದ್ದು ನೀವು ಲಿನಕ್ಸಿನಲ್ಲಿದ್ದರೆ ‘ಪ್ಯೂರ್‌ವಿಂಡೋಸ್‌ಪಾಥ್’ ಬಳಸಿ ಸರಿಯಾಗಿ ಬಿಡಿಸಬಹುದು.

ಕನ್ನಡದಲ್ಲಿ ಫೈಲ್ ಹೆಸರಿಟ್ಟರೆ?

ನಮ್ಮ ಕ್ಲಬ್ಬಿನವರು ಕೇಳೋ ಪ್ರಶ್ನೆ ಇದು. ಇಡಬಹುದು, ಮೂರೂ ಸಿಸ್ಟಮ್‌ಗಳಲ್ಲಿ ನಡೆಯುತ್ತೆ. ಆದರೆ ಮೂರು ವಿಷಯ ಗೊತ್ತಿರಲಿ.

ಒಂದು, ಉದ್ದ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಒಂದು ಹೆಸರು 255 ಬೈಟ್ ಮೀರಬಾರದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಗುಣಿತದ ಗುರುತು, ಅರ್ಧಾಕ್ಷರದ ಗುರುತು ಎಲ್ಲವೂ ಒಂದೊಂದು ಸಂಕೇತ. ‘ಸೆಪ್ಟೆಂಬರ್’ ಅನ್ನೋ ಪದದಲ್ಲಿ 10 ಸಂಕೇತಗಳು, ಅಂದ್ರೆ 30 ಬೈಟ್. ಹಾಗಾಗಿ ಒಂದು ಹೆಸರಿಗೆ 85 ಸಂಕೇತ ಮಾತ್ರ. ವಿಂಡೋಸಿನಲ್ಲಿ ಲೆಕ್ಕ ಬೇರೆ, ಅಲ್ಲಿ ಇಡೀ ಪಾಥ್‌ಗೆ ಹಳೆಯ ಕಾಲದ 260 ಅಕ್ಷರಗಳ ಮಿತಿ ಎಷ್ಟೋ ಪ್ರೋಗ್ರಾಮುಗಳಲ್ಲಿ ಇನ್ನೂ ಇದೆ. ‘ಪ್ರಾಜೆಕ್ಟ್ ಫೈನಲ್’ ಒಳಗೆ ‘ಫೈನಲ್ ಫೈನಲ್’, ಅದರೊಳಗೆ ‘ನಿಜವಾಗ್ಲೂ ಫೈನಲ್’ ಅಂತ ಇಡುವವರು ನೆನಪಿಟ್ಕೊಳ್ಳಿ.

ಎರಡು, ಕಣ್ಣಿಗೆ ಒಂದೇ, ಒಳಗೆ ಬೇರೆ. ‘ಕೋಲಾರ’ದ ಮೊದಲ ಅಕ್ಷರದ ಓತ್ವವನ್ನ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಮೂರು ತುಂಡು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಮೊದಲನೆಯದರಲ್ಲಿ ಇಡೀ ಪದಕ್ಕೆ 5 ಸಂಕೇತ, ಎರಡನೆಯದರಲ್ಲಿ 7. ಸ್ಕ್ರೀನಿನ ಮೇಲೆ ಎರಡೂ ಒಂದೇ ಥರ. ಲಿನಕ್ಸ್ ಹೆಸರನ್ನ ಬೈಟುಗಳಾಗಿ ನೋಡುವುದರಿಂದ ಅದಕ್ಕೆ ಅವು ಬೇರೆ ಫೈಲುಗಳು. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನ ಬಿಡಿಸಿದ ರೂಪದಲ್ಲೇ ಇಡ್ತಿತ್ತು. ಹೋಲಿಸುವ ಮುಂಚೆ ಪೈಥಾನಿನ ‘ಯೂನಿಕೋಡ್‌ಡೇಟಾ.ನಾರ್ಮಲೈಸ್’ನಿಂದ ಎರಡನ್ನೂ ‘ಎನ್‌ಎಫ್‌ಸಿ’ ರೂಪಕ್ಕೆ ತನ್ನಿ.

ಮೂರು, ಕಾಣದ ಅಕ್ಷರ. ‘ಲ್ಯಾಪ್‌ಟಾಪ್’ ಬರೆಯುವಾಗ ಪ ಕೆಳಗೆ ಟ ಒತ್ತು ಬರದ ಹಾಗೆ ತಡೆಯೋಕೆ ಅಗಲವೇ ಇಲ್ಲದ ಒಂದು ಸಂಕೇತ ಹಾಕ್ತೀವಿ. ಅದು ಪದದ ಕೊನೆಯಲ್ಲಿ ಸೇರ್ಕೊಂಡರೆ ಯಾರಿಗೂ ಕಾಣಲ್ಲ, ಕಂಪ್ಯೂಟರಿಗೆ ಮಾತ್ರ ಅದು ಬೇರೆ ಹೆಸರು. ಒಬ್ಬರು ಹಾಕಿ, ಇನ್ನೊಬ್ಬರು ಹಾಕದೇ ಇದ್ದರೆ ಮತ್ತೆ ‘ಅಂಥ ಫೈಲ್ ಇಲ್ಲ’.

ಫೈಲಿನ ಒಳಗೆ ಕನ್ನಡ ಬರೆಯುವಾಗಲೂ ‘ಎನ್‌ಕೋಡಿಂಗ್="ಯುಟಿಎಫ್-8"’ ಅಂತ ‘ಓಪನ್’ಗೆ ಹೇಳಿಬಿಡಿ. ಹೇಳದಿದ್ದರೆ ವಿಂಡೋಸಿನಲ್ಲಿ ಎಷ್ಟೋ ಸಲ ಹಳೆಯ ಎನ್‌ಕೋಡಿಂಗ್ ಹಿಡಿದು ಕನ್ನಡ ಅಕ್ಷರ ಕಂಡ ಕೂಡಲೇ ಕೈಚೆಲ್ಲುತ್ತೆ.

ಇಂಗ್ಲಿಷ್ ಹೆಸರಿಗೂ ವಿಂಡೋಸಿನಲ್ಲಿ ಕಟ್ಟುಪಾಡುಗಳಿವೆ. ಕೋಲನ್, ಪ್ರಶ್ನೆ ಚಿಹ್ನೆ, ನಕ್ಷತ್ರ, ಡಬಲ್ ಕೋಟ್, ನಿಂತ ಗೆರೆ, ಕೋನದ ಆವರಣ ಇವು ಬರಬಾರದು. ‘ಕಾನ್’, ‘ಆಕ್ಸ್’, ‘ನಲ್’, ‘ಪಿಆರ್‌ಎನ್’ ಅನ್ನೋ ಮೂರಕ್ಷರದ ಹೆಸರುಗಳು ಡಾಸ್ ಕಾಲದಿಂದ ಸಾಧನಗಳಿಗೆ ಮೀಸಲು. ಲಿನಕ್ಸಿನಲ್ಲಿ ಸಮಯವನ್ನ 10:30 ಅಂತ ಸೇರಿಸಿ ಫೈಲ್ ಹೆಸರಿಟ್ಟು ಕಳಿಸಿದರೆ ವಿಂಡೋಸಿನ ಗೆಳೆಯರಿಗೆ ಅದು ಸರಿಯಾಗಿ ಬರೋದಿಲ್ಲ.

ಸಲ್ಲಿಸುವ ಮುಂಚೆ ಐದು ಕೆಲಸ

1. ಕೋಡಿನಲ್ಲಿ ಬ್ಯಾಕ್‌ಸ್ಲ್ಯಾಶ್ ಹುಡುಕಿ. ಓದುವ ಸಾಲು, ಬರೆಯುವ ಸಾಲು ಎರಡನ್ನೂ ನೋಡಿ.
2. ನಿಮ್ಮ ಯೂಸರ್ ಹೆಸರನ್ನ ಕೋಡಿನಲ್ಲಿ ಹುಡುಕಿ. ಸಿಕ್ಕರೆ ಅಲ್ಲೊಂದು ಪೂರ್ತಿ ವಿಳಾಸ ಅಡಗಿದೆ.
3. ಪ್ರಾಜೆಕ್ಟ್ ಫೋಲ್ಡರಿನಿಂದ ಹೊರಗೆ ನಿಂತು ಒಮ್ಮೆ ರನ್ ಮಾಡಿ. ಓಡಿದರೆ ‘ಬೇಸ್’ ಸರಿಯಾಗಿದೆ.
4. ಬೇರೆ ಸಿಸ್ಟಮ್‌ನಲ್ಲಿ ಒಮ್ಮೆ ಓಡಿಸಿ. ವಿಂಡೋಸ್ ಇರುವವರು ಡಬ್ಲ್ಯುಎಸ್ಎಲ್ ಹಾಕ್ಕೊಂಡು, ಅದರ ಹೋಮ್ ಫೋಲ್ಡರಿಗೆ ಕಾಪಿ ಮಾಡಿ ಓಡಿಸಿ. ಸಿ ಡ್ರೈವಿನಲ್ಲೇ ಇಟ್ಟು ಓಡಿಸಿದರೆ ಕ್ಯಾಪಿಟಲ್ ಅಕ್ಷರದ ತಪ್ಪು ಸಿಗದೇ ಹೋಗಬಹುದು. ಗಿಟ್‌ಹಬ್ ಆ್ಯಕ್ಷನ್ಸ್ ಬಳಸಿದರೆ ಮೂರೂ ಸಿಸ್ಟಮ್‌ಗಳಲ್ಲಿ ಪರೀಕ್ಷೆ ಮಾಡಬಹುದು.
5. ಔಟ್‌ಪುಟ್ ಫೈಲನ್ನ ತೆರೆದು ಕಣ್ಣಾರೆ ನೋಡಿ. ‘ರೆಡಿ’ ಅನ್ನೋ ಮಾತು ನಂಬ್ಬೇಡಿ.

ನಿಮಗೆರಡು ಪ್ರಶ್ನೆ

ಲಿನಕ್ಸಿನಲ್ಲಿ ‘ಬಿಲ್ಸ್, ಬ್ಯಾಕ್‌ಸ್ಲ್ಯಾಶ್, ಸೆಪ್ಟೆಂಬರ್’ ಅನ್ನೋ ಪಾಥ್‌ನ ‘ನೇಮ್’ ಕೇಳಿದರೆ ಏನು ಬರುತ್ತೆ? ಪೂರ್ತಿ ಅದೇ ಹೆಸರು ಬರುತ್ತೆ, ಅಲ್ಲಿ ಫೋಲ್ಡರೇ ಇಲ್ಲವಲ್ಲ. ವಿಂಡೋಸಿನಲ್ಲಿ ‘ಸೆಪ್ಟೆಂಬರ್’ ಮಾತ್ರ.

ಲಿನಕ್ಸಿನಲ್ಲಿ ಒಂದೇ ಫೋಲ್ಡರಿನಲ್ಲಿ ಕ್ಯಾಪಿಟಲ್ ಎಂ ಇರುವ ಮೆಸ್ ಮತ್ತು ಸ್ಮಾಲ್ ಎಂ ಇರುವ ಮೆಸ್ ಎರಡನ್ನೂ ಗಿಟ್‌ಗೆ ಹಾಕಿ, ವಿಂಡೋಸಿನಲ್ಲಿ ಕ್ಲೋನ್ ಮಾಡಿದರೆ? ಡಿಸ್ಕಿನ ಮೇಲೆ ಒಂದೇ ಉಳಿಯುತ್ತೆ, ಗಿಟ್ ಒಂದು ಎಚ್ಚರಿಕೆ ಕೊಡುತ್ತೆ. ಯಾಕೆ ಅಂತ ಈಗ ನೀವೇ ಹೇಳಬಹುದು.

ಮುಂದಿನ ವಾರ ಮತ್ತೆ ಡೆಮೋ ಕೊಟ್ವಿ. ಹಿಂದಿನ ಸಂಜೆ ಲ್ಯಾಬಿಗೇ ಹೋಗಿ, ಅದೇ ಮಷೀನಿನಲ್ಲಿ, ಹೋಮ್ ಫೋಲ್ಡರಿನಲ್ಲಿ ನಿಂತೇ ಓಡಿಸಿ ನೋಡಿದ್ವಿ. ತಡವಾಗಿದ್ದಕ್ಕೆ ಎರಡು ಮಾರ್ಕ್ಸ್ ಹೋಯ್ತು, ಇಬ್ಬರದ್ದೂ. ನನ್ನ ಭಾಗ ಒಂದು ನಿಮಿಷದಲ್ಲಿ ಮುಗಿಸಿ ಪಕ್ಕಕ್ಕೆ ಸರಿದೆ. ಉಳಿದ ಸಮಯವೆಲ್ಲ ನನ್ನ ಟೀಮ್‌ಮೇಟ್ ಗ್ರಾಫ್ ತೋರಿಸುತ್ತಾ ಮಾತಾಡಿದ. ಈ ನಾಲ್ಕು ತಪ್ಪುಗಳನ್ನ ಅವನಿಗೆ ವಿವರಿಸುವಾಗ ನಾನು ಇಂಗ್ಲಿಷಿನಲ್ಲಿ ಶುರುಮಾಡಿದ್ದೆ. ‘ಕನ್ನಡದಲ್ಲಿ ಹೇಳೋ, ಆಗ ನಿನಗೇ ಎಷ್ಟು ಅರ್ಥ ಆಗಿದೆ ಅಂತ ಗೊತ್ತಾಗುತ್ತೆ’ ಅಂದ. ಈ ಲೇಖನ ಅಲ್ಲಿಂದ ಬಂದದ್ದು. ತಪ್ಪಿದ್ದರೆ ಕ್ಲಬ್ ರೂಮಿಗೆ ಬಂದು ಹೇಳಿ, ತಿದ್ಕೊಳ್ತೀನಿ.